ಮೊದಲ ಚೀಲದ ಲೆಕ್ಕ

ಕೊಳಾಲ
12 ಜೂನ್ 2024

ಶ್ರೀ ಭೀಮರಾಜು ಅವರಿಗೆ,

ಜೈ ಭೀಮ್.

ಮಧುಗಿರಿ ಕೋರ್ಟಿನಲ್ಲಿ ಮಧ್ಯಸ್ಥಿಕೆಯ ಮೇಡಂ ಹೇಳಿದ್ದು ನಿಮಗೂ ನೆನಪಿರಬೇಕು. "ನೀವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳ, ನಾಲ್ಕನೇ ಮಾತಿಗೆ ರೆಕಾರ್ಡಿಂಗ್. ದುಡ್ಡಿನ ವಿಷಯ ಏನಿದ್ದರೂ ಕಾಗದದಲ್ಲಿ ಬರೆದುಕೊಳ್ಳಿ" ಎಂದರು. ಅದಕ್ಕೇ ಬರೆಯುತ್ತಿದ್ದೇನೆ. ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ಸಿಗಲಿಲ್ಲ ಎನ್ನುವ ಹಾಗಿಲ್ಲ.

ವಿಚ್ಛೇದನಕ್ಕೆ ನನ್ನ ತಕರಾರಿಲ್ಲ. ನಾನು ಕೇಳುವುದು ಎರಡೇ. ಹರ್ಷಿತಾ ಈಗ ಒಂಬತ್ತನೇ ಕ್ಲಾಸು, ಅವಳ ಓದಿಗೆ ತಿಂಗಳಿಗೆ ಇಷ್ಟು ಎಂದು ನೀವು ಕೊಡಬೇಕು. ಇನ್ನೊಂದು, ನನ್ನ ಸಂಬಳದ ಮೇಲೆ ಬ್ಯಾಂಕಿನಲ್ಲಿ ಎತ್ತಿ ನಿಮ್ಮ ಹುಣಸೆಹಣ್ಣಿನ ವ್ಯಾಪಾರಕ್ಕೆ ಕೊಟ್ಟ ನಾಲ್ಕು ಲಕ್ಷ. ಅದರ ಕಂತು ಇವತ್ತಿಗೂ ನನ್ನ ಸಂಬಳದಲ್ಲೇ ಹಿಡಿಯುತ್ತಿದ್ದಾರೆ.

ಇವೆರಡೂ ತೀರ್ಮಾನವಾಗಬೇಕಾದರೆ ನಿಮ್ಮ ಆದಾಯ ಎಷ್ಟೆಂದು ಗೊತ್ತಾಗಬೇಕು. ಮೂರು ವರ್ಷದ ಆದಾಯ ತೆರಿಗೆ ರಿಟರ್ನ್‌ಗಳ ಪ್ರತಿ ಕಳಿಸಿ. ಹದಿನೈದು ವರ್ಷ ಒಂದೇ ಸೂರಿನ ಕೆಳಗಿದ್ದೆ. ಈ ಸಲ ಎಷ್ಟು ಬಂತು ಎಂದು ಕೇಳಿದಾಗಲೆಲ್ಲ ನೀವು ಕೈಕಾಲು ತೊಳೆಯಲು ಹಿತ್ತಲಿಗೆ ಹೋಗುತ್ತಿದ್ದಿರಿ. ನಾನು ಮನೆ ಬಿಟ್ಟಿದ್ದು ಬಡತನಕ್ಕೆ ಹೆದರಿ ಅಲ್ಲ. ಗಂಡ ಏನು ಮುಚ್ಚಿಡುತ್ತಿದ್ದಾನೆ ಎಂದು ದಿನಾ ಊಹೆ ಮಾಡಿ ಮಾಡಿ ಸಾಕಾಗಿ ಬಿಟ್ಟೆ. ಮುಗಿಸುವಾಗಲಾದರೂ ನಿಜ ಹೇಳಿ, ಅಷ್ಟೇ ನನಗೆ ಬೇಕಾದದ್ದು.

ತೂಕದ ಪುಸ್ತಕ ನನ್ನ ಹತ್ತಿರ ಇದೆ. ಬರುವಾಗ ತಂದುಬಿಟ್ಟೆ. ವಕೀಲರು ಅದನ್ನು ಕೇಳುತ್ತಿದ್ದಾರೆ.

ಇಂತಿ,
ಎನ್. ಸಂಘಮಿತ್ರಾ
ಸಹ ಶಿಕ್ಷಕಿ


ದೊಡ್ಡೇರಿ
27 ಜೂನ್ 2024

ಸಂಘಮಿತ್ರಾ ಮೇಡಂಗೆ,

ಜೈ ಭೀಮ್.

ಗಂಡನಿಗೆ ಬರೆಯುವ ಕಾಗದಕ್ಕೂ ಹುದ್ದೆ ಹಾಕುತ್ತಾರೆ ಎಂದು ಇವತ್ತು ಗೊತ್ತಾಯಿತು. ನಾನೂ ಹಾಕಿದ್ದೇನೆ, ಕೆಳಗೆ ನೋಡು.

ನೀನು ಕೇಳಿದ ರಿಟರ್ನುಗಳು ಇದರ ಜೊತೆಗಿವೆ. ಶಿರಾದ ಆಡಿಟರ್ ನರಸಿಂಹರಾಜು ಮಾಡಿಕೊಟ್ಟದ್ದು, ನಿನಗೂ ಗೊತ್ತಿರುವವರೇ. ವರ್ಷಕ್ಕೆ ನಾಲ್ಕು ಲಕ್ಷ ಅರವತ್ತು ಸಾವಿರ. ಇದಕ್ಕಿಂತ ಹೆಚ್ಚು ಎಲ್ಲಿಯೂ ಇಲ್ಲ. ಹರ್ಷಿತಾಳಿಗೆ ತಿಂಗಳಿಗೆ ಆರು ಸಾವಿರ ಕಳಿಸುತ್ತೇನೆ, ತಪ್ಪಿಸುವುದಿಲ್ಲ. ನಿನ್ನ ನಾಲ್ಕು ಲಕ್ಷವನ್ನೂ ಕೊಡುತ್ತೇನೆ. ಒಂದೇ ಸಲಕ್ಕೆ ಆಗುವುದಿಲ್ಲ, ಎರಡು ಸುಗ್ಗಿ ತಡೆದುಕೋ. ಅದು ಏನಾಯಿತು, ಎಲ್ಲಿ ಹೋಯಿತು ಎಂದು ಮಾತ್ರ ಕೇಳಬೇಡ. ವ್ಯಾಪಾರ ಎಂದಮೇಲೆ ಇದ್ದದ್ದೇ.

ಪುಸ್ತಕ ಇಟ್ಟುಕೋ. ಕೇಳುವುದಿಲ್ಲ. ಬೆಳಗ್ಗೆ ಆರಕ್ಕೆ ಜನ ಚೀಲ ಹೊತ್ತು ಬಂದು ಜಗಲಿ ಮುಂದೆ ನಿಂತರೆ, ನೀನು ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಪುಸ್ತಕ ಹಿಡಿದು ಕೂರುತ್ತಿದ್ದೆ. ನಾನು ತಕ್ಕಡಿ ಹತ್ತಿರ ನಿಂತು ಕೂಗಬೇಕು, ನೀನು ಬರೆಯಬೇಕು. ಎಂಟರ ಬಸ್ಸಿಗೆ ಸ್ಕೂಲಿಗೆ ಓಡಬೇಕು. ಈಗ ನಾನೇ ಕೂಗಿ ನಾನೇ ಬರೆಯುತ್ತೇನೆ. ಒಂದೆರಡು ಸಲ ಕೂಗಿ ಸುಮ್ಮನೆ ನಿಂತುಬಿಟ್ಟಿದ್ದೆ. ಚೀಲ ತಂದವನು ನನ್ನ ಮುಖವನ್ನೇ ನೋಡುತ್ತಿದ್ದ.

ಹರ್ಷಿತಾಳಿಗೆ ಒಂದು ಡಬ್ಬಿ ಹುಣಸೆಹಣ್ಣಿನ ಕುಟ್ಟುಂಡೆ ಕಳಿಸಿದ್ದೇನೆ. ಜೀರಿಗೆ ಜಾಸ್ತಿ ಹಾಕಿಸಿದ್ದೇನೆ. ಕೆಮ್ಮು ಇದ್ದರೆ ಕೊಡಬೇಡ.

ಭೀಮರಾಜು
ಹುಣಸೆಹಣ್ಣು ವ್ಯಾಪಾರಿ, ದೊಡ್ಡೇರಿ


ಕೊಳಾಲ
20 ಆಗಸ್ಟ್ 2024

ಭೀಮರಾಜು ಅವರಿಗೆ,

ನಿಮ್ಮ ಕುಟ್ಟುಂಡೆ ಬಂತು. ಹರ್ಷಿತಾ ನನಗೊಂದೂ ಕೊಡದೆ ಮುಗಿಸಿದಳು.

ರಿಟರ್ನುಗಳನ್ನೂ ನೋಡಿದೆ. ಮೂರು ವರ್ಷವೂ ನಾಲ್ಕು ಲಕ್ಷ ಅರವತ್ತು ಸಾವಿರವೇ? ಒಂದು ವರ್ಷ ಮರಗಳೆಲ್ಲ ಮುರಿದುಬೀಳುವಷ್ಟು ಕಾಯಿ ಬಿಟ್ಟಿದ್ದವು, ಇನ್ನೊಂದು ವರ್ಷ ಹೂವೇ ಉದುರಿಹೋಗಿತ್ತು. ನಿಮ್ಮ ಆದಾಯ ಮಾತ್ರ ಅಲುಗಾಡಲೇ ಇಲ್ಲ. ನಾಲ್ಕನೇ ಕ್ಲಾಸಿನ ಮಕ್ಕಳು ಹೀಗೆ ಲೆಕ್ಕ ಬರೆದು ತಂದರೆ ಪಕ್ಕದವನದನ್ನು ನೋಡಿ ಬರೆದೆಯಾ ಎಂದು ಕೇಳುತ್ತೇನೆ.

ನಾಲ್ಕು ಲಕ್ಷ ಎಲ್ಲಿ ಹೋಯಿತು ಎಂದು ಕೇಳಬೇಡ ಎಂದಿರಿ. ಹಿಂದೆಯೂ ಹಾಗೇ ಹೇಳುತ್ತಿದ್ದಿರಿ. ಆ ಮಾತು ಓದಿದ ಮೇಲೆಯೇ ನಾನು ಪುಸ್ತಕವನ್ನು ವಕೀಲರಿಗೆ ಕೊಟ್ಟಿದ್ದು. ಅವರ ಕಚೇರಿಯಲ್ಲಿ ಕೂತು ಎರಡು ವಾರ ಲೆಕ್ಕ ತೆಗೆದರು. ನಿಮ್ಮ ರಿಟರ್ನಿನಲ್ಲಿ ಇಲ್ಲದ ಲಾಭ ಹತ್ತು ಲಕ್ಷ ಎಪ್ಪತ್ತು ಸಾವಿರ ಆ ಪುಸ್ತಕದಲ್ಲೇ ಇದೆಯಂತೆ. ನನ್ನ ಕೈಯಲ್ಲೇ ಬರೆಸಿ ನನ್ನಿಂದಲೇ ಮುಚ್ಚಿಟ್ಟಿರಲ್ಲ!

ಹೋದ ಶುಕ್ರವಾರ ಪ್ರಮಾಣಪತ್ರ ಸಲ್ಲಿಸಿದ್ದೇವೆ. ಒಂದು ಪ್ರತಿಯನ್ನು ಆದಾಯ ತೆರಿಗೆಯವರಿಗೂ ಕಳಿಸುತ್ತೇನೆ ಎಂದು ವಕೀಲರು ಹೇಳಿದರು. ನಾನು ಬೇಡ ಎನ್ನಲಿಲ್ಲ.

ಸಂಘಮಿತ್ರಾ


ದೊಡ್ಡೇರಿ
14 ಸೆಪ್ಟೆಂಬರ್ 2024

ಸಂಘಮಿತ್ರಾಗೆ,

ತೆರಿಗೆಯವರ ನೋಟಿಸು ಬಂದಿದೆ. ಅದರ ಜೊತೆ ನಿನ್ನ ಪ್ರಮಾಣಪತ್ರ, ಪುಸ್ತಕದಿಂದ ತೆಗೆದ ಪಟ್ಟಿ, ಎಲ್ಲ ಬಂದಿವೆ. ಇಂಗ್ಲಿಷಿನಲ್ಲಿ ಇಪ್ಪತ್ತೆರಡು ಪುಟ. ನರಸಿಂಹರಾಜು ಒಂದೊಂದೇ ಸಾಲು ಓದಿ ಹೇಳಿದರು. ಎರಡು ಸಲ ಓದಿಸಿದೆ. ಮೂರನೇ ಸಲ ಓದಿ ಎನ್ನಲು ನಾಚಿಕೆಯಾಯಿತು.

ಪ್ರತಿ ಪುಟದ ಕೆಳಗೂ ನಿನ್ನ ಸಹಿ ಇದೆ. ಕೊನೆಯಲ್ಲಿ, ಇದರಲ್ಲಿರುವುದೆಲ್ಲ ನನಗೆ ತಿಳಿದಂತೆ ಸತ್ಯ ಎಂದಿದೆ. ಅಲ್ಲಿಯೂ ನಿನ್ನ ಸಹಿಯೇ.

ನಾನು ಒಂದೇ ಕೇಳುತ್ತೇನೆ. ಆ ಪಟ್ಟಿಯನ್ನು ಓದಿ ಸಹಿ ಹಾಕಿದೆಯಾ? ಹೌದು ಅಥವಾ ಇಲ್ಲ, ಅಷ್ಟು ಬರೆ ಸಾಕು. ನೋಟಿಸಿಗೆ ಉತ್ತರ ಕೊಡಲು ತಿಂಗಳ ಕೊನೆಯವರೆಗೆ ದಿನ ಇದೆ. ನಿನ್ನ ಕಾಗದ ನೋಡಿಕೊಂಡು ಉತ್ತರ ಕೊಡುತ್ತೇನೆ.

ಭೀಮರಾಜು


ಕೊಳಾಲ
23 ಸೆಪ್ಟೆಂಬರ್ 2024

ಭೀಮರಾಜು ಅವರಿಗೆ,

ಹೌದು. ಓದಿಯೇ ಹಾಕಿದ್ದೇನೆ. ನಾನು ಟೀಚರು. ಓದದೆ ಸಹಿ ಹಾಕುವವಳು ಎಂದುಕೊಂಡಿರಾ? ನನಗೆ ಇಂಗ್ಲಿಷ್ ಬರುವುದಿಲ್ಲ ಎಂದು ನಿಮ್ಮ ಅಕ್ಕನ ಮನೆಯವರ ಮುಂದೆ ನೀವು ನಗಾಡಿದ್ದನ್ನು ನಾನು ಮರೆತಿಲ್ಲ. ಆ ಪುಸ್ತಕದ ಒಂದೊಂದು ಅಕ್ಷರಕ್ಕೂ ನಾನು ಜವಾಬ್ದಾರಿ. ನಿಮ್ಮ ಉತ್ತರ ನೀವು ಕೊಟ್ಟುಕೊಳ್ಳಿ.

ಸಂಘಮಿತ್ರಾ


ದೊಡ್ಡೇರಿ
29 ಸೆಪ್ಟೆಂಬರ್ 2024

ಮಿತ್ರಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ಯಾರಿಗಾದರೂ ಹೇಳಿಕೊಳ್ಳಬೇಕು, ಹೇಳಿಕೊಳ್ಳಲು ನಿನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ, ನೀನೋ ಈಗ ಎದುರು ಪಾರ್ಟಿ. ಬರೆದು ಪೆಟ್ಟಿಗೆಯಲ್ಲಿಡುತ್ತೇನೆ.

ಲಾಭ ಎಂದರೆ ಏನು ಎಂದು ನಿನಗೆ ಗೊತ್ತಿಲ್ಲವೇ? ನಮ್ಮಪ್ಪ ಚಿಕ್ಕಹನುಮಯ್ಯ ತಕ್ಕಡಿ ಹಿಡಿದ ದಿನದಿಂದ ಮೊದಲನೇ ಚೀಲಕ್ಕೆ ಒಂದು ಎಂದು ಕೂಗಿದವನಲ್ಲ. ಲಾಭ ಎಂದು ಕೂಗುತ್ತಿದ್ದ. ಆಮೇಲೆ ಎರಡು, ಮೂರು, ನಾಲ್ಕು. ರಾಗಿ ಅಳೆಯುವವರಿಂದ ಹಿಡಿದು ಎಲ್ಲರೂ ಹಾಗೇ. ನಾನೂ ಹಾಗೇ ಕೂಗಿದೆ, ನೀನೂ ಹಾಗೇ ಬರೆದೆ. 'ಲಾಭ, 42 ಕೆ.ಜಿ., 5,040 ರೂಪಾಯಿ. ಎರಡು, 39 ಕೆ.ಜಿ., 4,680 ರೂಪಾಯಿ.' ಆ ಐದು ಸಾವಿರದ ನಲವತ್ತು ನಾನು ಚೀಲ ತಂದವನಿಗೆ ಕೊಟ್ಟ ದುಡ್ಡು. ನನಗೆ ಬಂದದ್ದಲ್ಲ, ನನ್ನ ಕೈಯಿಂದ ಹೋದದ್ದು! ಮೂರು ಸುಗ್ಗಿಯಲ್ಲಿ ಇನ್ನೂರ ಹದಿನಾಲ್ಕು ದಿನ ತೂಕ ಮಾಡಿದ್ದೇವೆ. ಇನ್ನೂರ ಹದಿನಾಲ್ಕು ಮೊದಲ ಚೀಲಗಳನ್ನು ಕೂಡಿಸಿ, ಭೀಮರಾಜು ಮುಚ್ಚಿಟ್ಟ ಲಾಭ ಎಂದು ಬರೆದಿದ್ದಾರೆ. ನಿನ್ನ ವಕೀಲರು ಯಾವ ಊರಿನವರೋ, ತಕ್ಕಡಿ ನೋಡಿದವರೋ ಇಲ್ಲವೋ. ಅವರ ಮೇಲೆ ನನಗೆ ಸಿಟ್ಟಿಲ್ಲ. ನೀನು ಓದಿ ಸಹಿ ಹಾಕಿದೆಯಲ್ಲ.

ನರಸಿಂಹರಾಜು ನಕ್ಕುಬಿಟ್ಟರು. "ಭೀಮಣ್ಣ, ಒಂದು ಕಾಗ್ದ ಬರ್ದಾಕಿದ್ರೆ ಮುಗೀತು ಕಣಣ್ಣ. ಲಾಭ ಅಂದ್ರೆ ಒಂದು ಅಂತ. ಜೊತೆಗೆ ಕೋರ್ಟಿಗೂ ಒಂದು ಅರ್ಜಿ ಹಾಕ್ಬುಡು, ಇಂಗಿಂಗೆ ಸುಳ್ಳು ಪ್ರಮಾಣ ಮಾಡವ್ಳೆ ಅಂತ."

"ತಪ್ಪು ತಿಳ್ಕೊಂಡು ಹಾಕವ್ಳೆ ಅಂತ ಬರೀರಿ ಸಾರ್."

"ಹೆಂಗ್ ಬರೀಲಿ? ಓದೇ ಹಾಕಿದೀನಿ ಅಂತ ಅವ್ಳ ಕೈನಾಗೇ ಬರ್ದವ್ಳಲ್ಲ. ಈ ಕಾಗ್ದ ಒಂದು ಸಾಕು. ಸರ್ಕಾರಿ ಕೆಲ್ಸದೋಳು, ಕೇಸಾದ್ರೆ ಸಸ್ಪೆಂಡು. ಕೆಲ್ಸ ಹೋದ್ರೂ ಹೋಯ್ತು."

ಆ ಕಾಗದವನ್ನು ಅವರ ಮೇಜಿನ ಮೇಲಿಂದ ಎತ್ತಿಕೊಂಡು ಬಂದೆ.

ಮಿತ್ರಾ, ನಿನ್ನ ಮೇಲೆ ಬಂದ ಸಿಟ್ಟು ಇಷ್ಟು ಅಷ್ಟು ಅಲ್ಲ. ಹಾಳಾಗಿಹೋಗು ಎಂದು ಬಾಯಿಬಿಟ್ಟೇ ಅಂದೆ, ಹಣ್ಣು ತುಂಬುವ ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಆದರೆ ನಿನ್ನ ಕೆಲಸದ ಆರ್ಡರು ಬಂದ ದಿನ ನಿಮ್ಮಪ್ಪ ಕೇರಿಯ ಪ್ರತಿ ಮನೆಗೂ ಹೋಗಿ ಸಕ್ಕರೆ ಹಂಚಿದ್ದನ್ನು ನಾನು ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಮೊದಲು ಸರ್ಕಾರಿ ಕುರ್ಚಿಯಲ್ಲಿ ಕೂತವಳು ನೀನು. ಅದನ್ನು ಕಿತ್ತುಕೊಂಡು ನಾನು ಏನು ಗೆಲ್ಲಲಿ?

ಇನ್ನೊಂದು ಮಾತು. ನೀನು ಹೇಳುವ ಲಾಭ ಇಲ್ಲ, ಆದರೆ ನಾನು ಹೇಳದ ನಷ್ಟ ಇತ್ತು. ಎರಡು ವರ್ಷದ ಹಿಂದೆ ದರ ಏರುತ್ತದೆ ಎಂದು ಕೋಲ್ಡ್ ಸ್ಟೋರೇಜಿನಲ್ಲಿ ಹಣ್ಣು ಇಟ್ಟೆ. ದರ ಬಿತ್ತು, ಹಣ್ಣು ಕಪ್ಪಾಯಿತು. ಆರು ಲಕ್ಷ ಹೋಯಿತು. ನಿನ್ನ ನಾಲ್ಕು ಲಕ್ಷ ಆ ಗುಂಡಿಗೆ ಬಿತ್ತು. ನಷ್ಟದ ವರ್ಷವೂ ಬ್ಯಾಂಕಿನವರು ಕೇಳುತ್ತಾರೆಂದು ಆದಾಯ ಇದ್ದ ಹಾಗೇ ಬರೆಸಿದೆ. ಸೋತೆ ಎಂದು ಹೆಂಡತಿಗೆ ಹೇಳಲು ಬಾಯಿ ಬರಲಿಲ್ಲ. ಹಿತ್ತಲಿಗೆ ಹೋಗಿ ಕಾಲು ತೊಳೆದುಕೊಂಡೆ. ಅದಕ್ಕೆ ದಂಡ ಇದು ಎಂದುಕೊಳ್ಳುತ್ತೇನೆ.

ಉತ್ತರ ಬರೆಸಿದ್ದೇನೆ. ಒಪ್ಪಿದ್ದೇನೆ ಎಂದು.

ಭೀಮ


ದೊಡ್ಡೇರಿ
18 ನವೆಂಬರ್ 2024

ಸಂಘಮಿತ್ರಾಗೆ,

ನೀನೂ ನಿನ್ನ ವಕೀಲರೂ ತೋರಿಸಿದ ಆದಾಯವನ್ನು ತೆರಿಗೆಯವರ ಮುಂದೆ ಒಪ್ಪಿಕೊಂಡಿದ್ದೇನೆ. ತೆರಿಗೆ, ಬಡ್ಡಿ, ದಂಡ ಸೇರಿ ಮೂರು ಲಕ್ಷ ನಲವತ್ತು ಸಾವಿರ ಕಟ್ಟಿದ್ದಾಯಿತು. ಚಲನ್ನಿನ ಪ್ರತಿ ಇದರಲ್ಲಿದೆ, ನಿನ್ನ ವಕೀಲರಿಗೆ ಬೇಕಾಗಬಹುದು. ಇನ್ನು ಆ ವಿಷಯ ಎತ್ತುವುದು ಬೇಡ.

ಹರ್ಷಿತಾಳನ್ನು ಸಂಕ್ರಾಂತಿಗೆ ಎರಡು ದಿನ ಕಳಿಸು.

ಭೀಮರಾಜು


ಕೊಳಾಲ
2 ಡಿಸೆಂಬರ್ 2024

ಭೀಮರಾಜು ಅವರಿಗೆ,

ಹಾಗಾದರೆ ನಿಜವೇ.

ನಿಮಗೆ ಗೊತ್ತಾ, ಇಷ್ಟು ದಿನ ನನಗೆ ಒಳಗೊಳಗೇ ಒಂದು ಅನುಮಾನ ಇತ್ತು. ವಕೀಲರು ಎಲ್ಲೋ ತಪ್ಪಿರಬಹುದು, ಈ ಮನುಷ್ಯ ಬಂದು ಮೇಜು ಗುದ್ದಿ ಇದೆಲ್ಲ ಸುಳ್ಳು ಎನ್ನಬಹುದು ಎಂದು ಕಾಯುತ್ತಿದ್ದೆ. ಬಾಯಿಗೆ ಬಂದ ಹಾಗೆ ಬೈದು ಒಂದು ಕಾಗದ ಬರೆದಿದ್ದರೂ ನಂಬುತ್ತಿದ್ದೆ. ನೀವು ಚಲನ್ ಕಳಿಸಿದಿರಿ. ಮೂರು ಲಕ್ಷ ನಲವತ್ತು ಸಾವಿರ ಒಂದೇ ಏಟಿಗೆ ಕಟ್ಟುವಷ್ಟು ನಿಮ್ಮಲ್ಲಿತ್ತು!

ಹರ್ಷಿತಾಳ ಹಲ್ಲಿಗೆ ತಂತಿ ಹಾಕಿಸಲು ಹದಿನೆಂಟು ಸಾವಿರ ಕೇಳಿದೆ. ಮುಂದಿನ ಸುಗ್ಗಿಗೆ ನೋಡೋಣ ಎಂದಿರಿ. ಆ ಮಗು ಇವತ್ತಿಗೂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗುತ್ತದೆ. ನನ್ನ ತಮ್ಮನ ಮದುವೆಗೆ ಸರ ಬ್ಯಾಂಕಿನಲ್ಲಿ ಅಡ ಇತ್ತು, ಬರಿ ಕೊರಳಲ್ಲಿ ಹೋದೆ. ಗಂಟಲು ನೋವು ಎಂದು ಮಫ್ಲರ್ ಸುತ್ತಿಕೊಂಡಿದ್ದೆ, ಏಪ್ರಿಲ್ ತಿಂಗಳಲ್ಲಿ. ಕಷ್ಟ ಇದೆ, ಗಂಡನ ಜೊತೆ ಸಹಿಸಿಕೊಳ್ಳುತ್ತಿದ್ದೇನೆ ಎಂದುಕೊಂಡಿದ್ದೆ. ಕಷ್ಟವೇ ಇರಲಿಲ್ಲ. ನನ್ನನ್ನು ಹೊರಗಿಟ್ಟಿದ್ದಿರಿ, ಅಷ್ಟೇ.

ಹರ್ಷಿತಾ ಆ ಚಲನ್ ನೋಡಿದಳು. "ಅಮ್ಮ, ಅಪ್ಪ ಕಳ್ಳನಾ?" ಎಂದು ಕೇಳಿದಳು. ನಾನು ಅಲ್ಲ ಎನ್ನಲಿಲ್ಲ. ಸಂಕ್ರಾಂತಿಗೆ ಬರುವುದು ಬಿಡುವುದು ಅವಳಿಗೆ ಬಿಟ್ಟದ್ದು.

ನನಗಿನ್ನು ನಿಮ್ಮಿಂದ ನಿಜ ಬೇಕಾಗಿಲ್ಲ. ಸಿಕ್ಕಿತು.

ಸಂಘಮಿತ್ರಾ


ದೊಡ್ಡೇರಿ
20 ಜನವರಿ 2025

ಸಂಘಮಿತ್ರಾಗೆ,

ಹರ್ಷಿತಾ ಮೊಬೈಲಿಗೆ ಮೆಸೇಜು ಹಾಕಿದಳು. 'ಬರಲ್ಲ' ಎಂದು, ಮೂರೇ ಅಕ್ಷರ. ಅವಳಿಗೆ ಹೇಳಬಾರದಾಗಿತ್ತು. ನನ್ನನ್ನು ಕೋರ್ಟಿನಲ್ಲಿ ಏನು ಬೇಕಾದರೂ ಅನ್ನಿಸು, ತಲೆ ತಗ್ಗಿಸಿ ನಿಲ್ಲುತ್ತೇನೆ. ಮಗುವಿನ ಮುಂದೆ ಬೇಡವಾಗಿತ್ತು. ನಾನು ಯಾರ ಎದುರೂ ನಿನ್ನ ಬಗ್ಗೆ ಒಂದು ಮಾತು ಆಡಿಲ್ಲ, ಆಡುವುದಕ್ಕೆ ಇರಲಿಲ್ಲ ಎಂದಲ್ಲ.

ಹರ್ಷಿತಾಳಿಗೆ ತಿಂಗಳಿಗೆ ಹನ್ನೆರಡು ಸಾವಿರ ಎಂದು ನಿನ್ನ ವಕೀಲರು ಕೇಳಿದ್ದಾರೆ. ತೆರಿಗೆಯವರ ಆದೇಶ ಇರುವಾಗ ಇಲ್ಲ ಎನ್ನಲು ನನಗೆ ದಾರಿಯಿಲ್ಲ. ಆಗಲಿ. ಎಲ್ಲಿ ಹೇಳುತ್ತೀರೋ ಅಲ್ಲಿ ಸಹಿ ಹಾಕುತ್ತೇನೆ. ಬೇಗ ಮುಗಿಸಿ.

ಭೀಮರಾಜು


ಕೊಳಾಲ
24 ಮಾರ್ಚ್ 2025

ಶ್ರೀ ಭೀಮರಾಜು ಅವರಿಗೆ,

ವಿಚ್ಛೇದನದ ಡಿಕ್ರಿಯ ಒಂದು ಪ್ರತಿಯನ್ನು ಇದರೊಂದಿಗೆ ಕಳಿಸಿದೆ. ಸ್ವೀಕರಿಸಿದ್ದಕ್ಕೆ ಸಹಿ ಮಾಡಿ.

ಎನ್. ಸಂಘಮಿತ್ರಾ


ಕೊಳಾಲ
9 ಜುಲೈ 2025

ಹರ್ಷಿತಾಳ ಅಪ್ಪನಿಗೆ,

ಜೈ ಭೀಮ್. ಏನೆಂದು ಕರೆದು ಬರೆಯಲಿ ಎಂದೇ ಗೊತ್ತಾಗುತ್ತಿಲ್ಲ. ನಾಲ್ಕು ಹಾಳೆ ಹರಿದು ಹಾಕಿದೆ.

ಹೋದ ಗುರುವಾರ ಸ್ಕೂಲಿನ ಬಿಸಿಯೂಟದ ಅಕ್ಕಿ ಬಂತು. ಚೀಲ ಒಡೆದು ಡ್ರಮ್ಮಿಗೆ ಸುರಿಯುವಾಗ ಅಡುಗೆಯ ಮಂಜಮ್ಮ ಡಬ್ಬದಲ್ಲಿ ಅಳೆಯುತ್ತಿದ್ದಳು, ನಾನು ರಿಜಿಸ್ಟರ್ ಬರೆಯುತ್ತಿದ್ದೆ. ಅವಳು ಕೂಗಿದಳು, ನಾನು ಬರೆದೆ. ಹೆಡ್ ಮೇಷ್ಟ್ರು ಪರ್ವತಯ್ಯನವರು ಹಿಂದಿನಿಂದ ಬಂದು ಬಗ್ಗಿ ನೋಡಿ, "ಏನ್ ಮೇಡಂ, ಮಕ್ಕಳ ಅಕ್ಕಿನಾಗೂ ಲಾಭ ಮಾಡ್ಕಂತಿದೀರಾ? ಆಡಿಟ್‌ನೋರು ನೋಡಿದ್ರೆ ನನ್ನ ಕತ್ತಿಗ್ ಬರ್ತದೆ" ಎಂದು ನಕ್ಕರು. ನೋಡಿಕೊಂಡರೆ ಮೊದಲ ಸಾಲಿನಲ್ಲಿ ನಾನು 'ಲಾಭ' ಎಂದು ಬರೆದಿದ್ದೆ. ಕೈ ತಾನಾಗಿ ಬರೆದಿತ್ತು.

ಪೆನ್ನು ಅಲ್ಲೇ ಬಿಟ್ಟೆ. ರಜೆ ಹಾಕಿ ಮನೆಗೆ ಬಂದು ಆ ಇಪ್ಪತ್ತೆರಡು ಪುಟ ತೆಗೆದೆ. ಹರ್ಷಿತಾ ಸ್ಕೂಲಿನಿಂದ ಬಂದ ಮೇಲೆ ಪಕ್ಕಕ್ಕೆ ಕೂರಿಸಿಕೊಂಡು ಓದಿಸಿದೆ. ಮೊದಲ ಸಲ ಓದಿದ್ದು.

ಹೌದು, ಮೊದಲ ಸಲ. ಅವತ್ತು ನಾನು ಓದಿರಲಿಲ್ಲ. ಗುಮಾಸ್ತ ಪೆನ್ಸಿಲಿನಲ್ಲಿ ಗುರುತು ಹಾಕಿ ಕೊಟ್ಟ ಕಡೆಯೆಲ್ಲ ಸಹಿ ಹಾಕಿದೆ. ಪುಸ್ತಕದ ಹಿಂದಿನ ಪುಟಗಳಲ್ಲಿ ನಿಮ್ಮ ಕೈಬರಹದ ಮಾರಾಟದ ಲೆಕ್ಕ ಇತ್ತಲ್ಲ, ಅದರಿಂದ ತೆಗೆದಿದ್ದಾರೆ ಎಂದೇ ತಿಳಿದಿದ್ದೆ. ನೀವು ಕೇಳಿದಾಗ ಓದಿಲ್ಲ ಎನ್ನಲು ಅವಮಾನವಾಯಿತು. ಹೌದು ಎಂದು ಬರೆದುಬಿಟ್ಟೆ. ನನ್ನ ಜಂಬಕ್ಕೆ ಬೆಂಕಿ ಬೀಳಲಿ.

ನರಸಿಂಹರಾಜು ಅವರಿಗೆ ಫೋನ್ ಮಾಡಿದೆ. ಮೊದಲು ಬೈದರು, ಆಮೇಲೆ ಹೇಳಿದರು. ನನ್ನ ಕೆಲಸ ಹೋಗುತ್ತದೆ ಎಂದು ನೀವು ಒಪ್ಪಿಕೊಂಡಿದ್ದು, ದಂಡ ಕಟ್ಟಲು ಶೆಡ್ಡು ಮಾರಿದ್ದು. ಒಂದೇ ಏಟಿಗೆ ಕಟ್ಟಿದಿರಿ ಎಂದು ಬರೆದಿದ್ದೆನಲ್ಲ ನಾನು. ನಾನು ಬೇಕೆಂದೇ ಸುಳ್ಳು ಪ್ರಮಾಣ ಮಾಡಿದೆ ಎಂದು ತಿಳಿದೂ ನನ್ನ ಕೆಲಸ ಉಳಿಸಿದಿರಿ. ನಾನು ನಿಮ್ಮನ್ನು ಕಳ್ಳ ಎಂದು ಮಗಳಿಗೆ ಹೇಳಿದೆ.

ಹರ್ಷಿತಾಳಿಗೆ ಎಲ್ಲ ಹೇಳಿದ್ದೇನೆ. "ನಂಗ್ಯಾಕಮ್ಮ ಅಂಗ್ ಹೇಳ್ದೆ?" ಎಂದು ಊಟ ಬಿಟ್ಟು ಎದ್ದುಹೋದಳು.

ವಕೀಲರು, ಮುಗಿದ ಕೇಸು ಕೆದಕಬೇಡಿ ಎಂದರು. ನಾನೇ ಕನ್ನಡದಲ್ಲಿ ಮೂರು ಪ್ರತಿ ಬರೆದೆ. ಒಂದನ್ನು ಕೋರ್ಟಿಗೆ, ಒಂದನ್ನು ತೆರಿಗೆ ಅಧಿಕಾರಿಗೆ, ಒಂದನ್ನು ಕೊರಟಗೆರೆಯ ಬಿ.ಇ.ಓ. ಆಫೀಸಿಗೆ ನಿನ್ನೆ ಕೊಟ್ಟು ಬಂದಿದ್ದೇನೆ. ಓದದೆ ಸಹಿ ಹಾಕಿದೆ, ಲಾಭ ಎಂದರೆ ಒಂದು, ಈ ಮನುಷ್ಯ ಏನನ್ನೂ ಮುಚ್ಚಿಟ್ಟಿಲ್ಲ ಎಂದು. ಸಸ್ಪೆಂಡ್ ಮಾಡಿದರೆ ಮಾಡಲಿ.

ಒಂದು ಮಾತು ಕೇಳಲಾ? ಡಿಕ್ರಿ ಆದವರು ಮತ್ತೆ ಮದುವೆಯಾಗಬಹುದಂತೆ. ವಿಚಾರಿಸಿದ್ದೇನೆ. ನಾಚಿಕೆ ಬಿಟ್ಟು ಕೇಳುತ್ತಿದ್ದೇನೆ, ಬರುತ್ತೀರಾ? ಹೌದು, ಇಲ್ಲ, ಅಷ್ಟು ಬರೆದರೂ ಸಾಕು. ದಿನಾ ಪೋಸ್ಟ್‌ಮ್ಯಾನ್ ದಾರಿ ನೋಡುತ್ತಿರುತ್ತೇನೆ.

ನಿಮ್ಮ
ಮಿತ್ರಾ


ಪಾವಗಡ
24 ಆಗಸ್ಟ್ 2025

ಮಿತ್ರಾ,

ಜೈ ಭೀಮ್.

ನಿನ್ನ ಕಾಗದ ದೊಡ್ಡೇರಿಗೆ ಹೋಗಿ, ಅಲ್ಲಿಂದ ಕಳ್ಳಂಬೆಳ್ಳದ ಅಕ್ಕನ ಮನೆಗೆ ಹೋಗಿ, ಹೋದ ವಾರ ನನ್ನ ಕೈಗೆ ಬಂತು. ಒಂದು ತಿಂಗಳು ನಿನ್ನನ್ನು ಕಾಯಿಸಿದೆನಲ್ಲ ಎಂದು ಸಂಕಟವಾಯಿತು. ಶೆಡ್ಡು ಹೋದ ಮೇಲೆ ಊರಿನಲ್ಲಿ ಮಾಡಲು ಕೆಲಸ ಇರಲಿಲ್ಲ. ಇಲ್ಲಿ ಒಂದು ಮಂಡಿಯಲ್ಲಿ ತೂಕದವನಾಗಿ ಸೇರಿದ್ದೇನೆ. ಇವರು ಅರ್ಧ ಮಾತು ತೆಲುಗಿನಲ್ಲೇ ಆಡುವುದು. ಪೆದ್ದಮ್ಮ ಎಂಬ ಮುದುಕಿ ದಿನಾ "ತಿನ್ನಾವಾ ನಾಯ್ನಾ", ಉಂಡೆಯಾ ಮಗನೇ ಎಂದು ಕೇಳಿ ಒಂದು ಮುದ್ದೆ ಇಟ್ಟು ಹೋಗುತ್ತಾಳೆ. ಊಟಕ್ಕೆ ತೊಂದರೆಯಿಲ್ಲ.

ಹೋದ ವರ್ಷ ಬರೆದು ಪೆಟ್ಟಿಗೆಯಲ್ಲಿಟ್ಟಿದ್ದ ಕಾಗದ ಒಂದಿದೆ. ಇದರ ಜೊತೆ ಇಟ್ಟಿದ್ದೇನೆ. ನಿನ್ನ ನಾಲ್ಕು ಲಕ್ಷ ಏನಾಯಿತು ಎಂದು ಅದರಲ್ಲಿದೆ. ನಾನು ಬದುಕಿನಲ್ಲಿ ನಿನಗೆ ಹೇಳದೇ ಉಳಿಸಿಕೊಂಡದ್ದು ಅದೊಂದೇ, ಅದೇ ಇಬ್ಬರನ್ನೂ ತಿಂದುಹಾಕಿತು. ತಪ್ಪು ಮೊದಲು ನನ್ನದು.

ಬಿ.ಇ.ಓ. ಆಫೀಸಿನಿಂದ ನನಗೂ ಪತ್ರ ಬಂತು. ನಿನ್ನ ಮೇಲೆ ವಿಚಾರಣೆ ಇಟ್ಟಿದ್ದಾರೆ, ನಿನ್ನ ಹೇಳಿಕೆಯ ಬಗ್ಗೆ ನನಗೆ ಏನು ಗೊತ್ತೋ ಬರೆದುಕೊಡಬೇಕಂತೆ. ಮಂಡಿಯ ಜಗಲಿಯ ಮೇಲೆ ಕೂತು ಬರೆದೆ. ಸಂಘಮಿತ್ರಾ ನನ್ನ ಹೆಂಡತಿಯಾಗಿದ್ದವಳು ಎಂದು ಬರೆದೆ. ಲಾಭ ಎಂದರೆ ಮೊದಲನೆಯದು ಎಂದು ಬರೆದೆ. ಆಕೆ ಆ ಪಟ್ಟಿಯನ್ನು ಓದದೆ ಸಹಿ ಹಾಕಿದಳೆಂದು ನಾನು, ಎನ್ನುವಲ್ಲಿಗೆ ಬಂದೆ. ಮುಂದೆ 'ನಂಬುತ್ತೇನೆ' ಎಂದು ಬರೆಯಬೇಕು. ಕೈ ನಿಂತಿತು.

ಹೋದ ವರ್ಷ ಓದಿದೆ ಎಂದಿದ್ದೆ. ಈ ವರ್ಷ ಓದಿಲ್ಲ ಎನ್ನುತ್ತೀಯ. ಯಾವುದು ನಿಜ? ಹಾಗೆ ಯೋಚಿಸಿದೆ, ಮಿತ್ರಾ. ನೀನು ಕೆಲಸವನ್ನೇ ಪಣಕ್ಕಿಟ್ಟು ಬರೆದುಕೊಟ್ಟಿದ್ದೀಯ, ನಿನ್ನ ಕಾಗದದ ಮೇಲೆ ಕಣ್ಣೀರು ಬಿದ್ದು ಇಂಕು ಹರಡಿದೆ, ಅದೆಲ್ಲ ಕಣ್ಣ ಮುಂದಿರುವಾಗಲೂ ಯೋಚಿಸಿದೆ. ಎಷ್ಟು ಹೊತ್ತು ಎಂದು ಗೊತ್ತಿಲ್ಲ, ಎದುರಿಗೆ ಚೀಲ ಹೊತ್ತವನು "ಏಂ ಭೀಮಣ್ಣಾ" ಎಂದು ಕೂಗಿದಾಗ ತಲೆಯೆತ್ತಿದೆ. ಆಮೇಲೆ 'ನಂಬುತ್ತೇನೆ' ಎಂದು ಬರೆದು ಸಹಿ ಹಾಕಿದೆ. ಅವತ್ತೇ ರಿಜಿಸ್ಟರ್ ಮಾಡಿ ಕಳಿಸಿದೆ. ನಿನ್ನ ಕೆಲಸಕ್ಕೆ ಏನೂ ಆಗಲಾರದು ಎಂದು ನರಸಿಂಹರಾಜು ಹೇಳುತ್ತಾರೆ, ಧೈರ್ಯವಾಗಿರು.

ಆದರೆ ಆ ಹೊತ್ತು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ನಾನು ಮತ್ತೆ ನಿನ್ನ ಜೊತೆ ಬಂದು ಇದ್ದರೆ, ನೀನು ಊಟ ಆಯಿತು ಎಂದಾಗ ಆಯಿತೋ ಇಲ್ಲವೋ ಎಂದು ಪಾತ್ರೆ ನೋಡುತ್ತೇನೆ. ಇವತ್ತು ಇಷ್ಟು ಬಂತು ಎಂದು ನಾನು ಹೇಳಿದರೆ ನೀನು ಜೇಬು ನೋಡುತ್ತೀಯ. ಇಬ್ಬರೂ ನೋಡಿಲ್ಲದ ಹಾಗೆ ಇರುತ್ತೇವೆ. ನಾನು ನಿನ್ನನ್ನು ಬಯ್ಯುತ್ತಿಲ್ಲ. ನಿನ್ನ ಮೇಲೆ ಆಸೆ ಇಲ್ಲ ಎಂದೂ ಹೇಳುತ್ತಿಲ್ಲ, ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬರುವುದಿಲ್ಲ, ಅಷ್ಟೇ. ನೀನು ಕೇಳಿದ ಉತ್ತರ ಇದು.

ಹರ್ಷಿತಾ ಫೋನ್ ಮಾಡಿದ್ದಳು. ಎಷ್ಟೋ ಹೊತ್ತು ಅತ್ತಳು. ಮುಂದಿನ ಭಾನುವಾರ ಇಲ್ಲಿಗೆ ಬರುತ್ತೇನೆ ಎಂದಳು. ಒಬ್ಬಳನ್ನೇ ಅಷ್ಟು ದೂರ ಕಳಿಸಬೇಡ. ನೀನು ಮಧುಗಿರಿಯವರೆಗೆ ಜೊತೆಗೆ ಬಾ, ಪಾವಗಡದ ಬಸ್ಸಿಗೆ ಹತ್ತಿಸಿ ಕಂಡಕ್ಟರಿಗೆ ಹೇಳು. ನಾನು ಇಲ್ಲಿ ಬಸ್ ಸ್ಟಾಂಡಿನಲ್ಲಿ ನಿಂತಿರುತ್ತೇನೆ. ಅವಳು ಬಾ ಅಮ್ಮ ಎಂದು ಕೈ ಹಿಡಿದು ಎಳೆದರೂ ನೀನು ಹತ್ತಬೇಡ. ಬಸ್ಸಿನಿಂದ ನೀನೂ ಇಳಿದರೆ ನಾನು ಇಷ್ಟೆಲ್ಲ ಬರೆದದ್ದು ಯಾವುದೂ ನಿಲ್ಲುವುದಿಲ್ಲ.

ಭೀಮ